ಕವಲು ತಂಡಗಳು ಮತ್ತು ನಾನು ಕೊಟ್ಟ ಒಂದು ತೀರ್ಪು

ಗೋವಿಂದರಾಜನಗರದ ನಮ್ಮ ಮನೆಯ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಿದೆ. ಮನೆ ಕಟ್ಟಿಸಿದಾಗ ನನ್ನ ಪುಸ್ತಕಗಳನ್ನು ಇಡುವುದಕ್ಕೆಂದು ಕಟ್ಟಿಸಿದ್ದು. ಕಾಲಕ್ರಮದಲ್ಲಿ ಅದು ಹಳೆಯ ಟ್ರಂಕುಗಳು, ದಸರಾ ಬೊಂಬೆಗಳ ಪೆಟ್ಟಿಗೆ, ಗಣಪತಿ ಮಂಟಪದ ಹಲಗೆಗಳು, ಮುರಿದ ಕುರ್ಚಿಗಳು ಇವುಗಳ ಆಶ್ರಯತಾಣವಾಯಿತು. ಹೋದ ಮಳೆಗಾಲದಲ್ಲಿ ಶೀಟಿನ ಸಂದಿಯಿಂದ ನೀರಿಳಿಯತೊಡಗಿದ್ದರಿಂದ ಎಲ್ಲವನ್ನೂ ಹೊರಗೆ ತೆಗೆಸಬೇಕಾಯಿತು. ಟ್ರಂಕುಗಳ ಹಿಂದೆ, ಗೋಡೆಗೆ ಒರಗಿಸಿಟ್ಟಿದ್ದ ಕಪ್ಪು ಚೀಲವೊಂದು ಸಿಕ್ಕಿತು. ಒಳಗೆ ಒಂದು ಗಿಟಾರು. ತಂತಿಗಳು ತುಕ್ಕು ಹಿಡಿದಿದ್ದವು, ಮರ ಒಂದು ಕಡೆ ಉಬ್ಬಿತ್ತು. ಅದು ನನ್ನ ತಮ್ಮನ ಮಗನದು. ಇಪ್ಪತ್ತು ವರ್ಷಗಳಿಂದ ಅದು ಅಲ್ಲೇ ಇದ್ದಿತೆಂಬುದು ನನಗೆ ಮರೆತೇಹೋಗಿತ್ತು. ಅಥವಾ ಮರೆಯುವುದು ಅನುಕೂಲವಾಗಿತ್ತೆಂದು ಹೇಳಿದರೆ ಹೆಚ್ಚು ಪ್ರಾಮಾಣಿಕವಾದೀತು.

ಓದುಗ ಮಿತ್ರರೇ, ಆ ಗಿಟಾರು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳದೆ ಇಂದಿನ ವಿಷಯಕ್ಕೆ ಬರಲಾರೆ. ವಿಷಯವೇನೆಂದರೆ, ಪ್ರಸಿದ್ಧ ಸಂಗೀತ ತಂಡಗಳ ಸದಸ್ಯರು ತಮ್ಮ ಮೂಲ ತಂಡದ ಜೊತೆಜೊತೆಗೇ, ಅಥವಾ ಅದನ್ನು ಬಿಟ್ಟು, ಇನ್ನೊಂದು ತಂಡ ಕಟ್ಟುವುದು ಸರಿಯೋ ತಪ್ಪೋ ಎಂಬುದು. ಹುಡುಗರು ಇದನ್ನು ‘ಸೈಡ್ ಪ್ರಾಜೆಕ್ಟ್’ ಎನ್ನುತ್ತಾರೆ. ನಾನು ‘ಕವಲು ತಂಡ’ ಎನ್ನುತ್ತೇನೆ. ಜೀವನವಿಡೀ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಮುದುಕನಿಗೆ ರಾಕ್ ಬ್ಯಾಂಡುಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೇಳಿರಿ, ಹೇಳುತ್ತೇನೆ.

2002ರ ಏಪ್ರಿಲ್ ತಿಂಗಳು. ನನ್ನ ತಮ್ಮನ ಮಗ ಆಗ ನಮ್ಮ ಮನೆಯಲ್ಲಿಯೇ ಇದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ. ಒಂದು ರಾತ್ರಿ ಬಹಳ ತಡವಾಗಿ ಬಂದ. ಅರಮನೆ ಮೈದಾನದಲ್ಲಿ ರೋಜರ್ ವಾಟರ್ಸ್ ಎಂಬಾತನ ಸಂಗೀತ ಕಛೇರಿಗೆ ಹೋಗಿದ್ದನಂತೆ. ಬಾಗಿಲು ತೆಗೆದ ನಾನು ಗದರಿಸಬೇಕೆಂದಿದ್ದವನು ಅವನ ಮುಖದಲ್ಲಿದ್ದ ಬೆಳಕನ್ನು ಕಂಡು ಸುಮ್ಮನಾದೆ. ಅಡುಗೆಮನೆಯಲ್ಲಿ ತಣ್ಣಗಿನ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ತಿನ್ನುತ್ತಾ ಅವನು ಆತನ ಕಥೆ ಹೇಳಿದ. ಪಿಂಕ್ ಫ್ಲಾಯ್ಡ್ ಎಂಬ ಜಗತ್ಪ್ರಸಿದ್ಧ ತಂಡದ ಮುಖ್ಯ ಗೀತರಚನಕಾರನಾಗಿದ್ದ ಈತ 1985ರಲ್ಲಿ ಅದನ್ನು ಬಿಟ್ಟು ಹೊರಬಂದವನು.

“ಅಂದರೆ ಹದಿನೇಳು ವರ್ಷದ ಹಿಂದೆ ತಂಡ ಬಿಟ್ಟುಹೋದವನನ್ನು ನೋಡುವುದಕ್ಕೆ ಇಷ್ಟು ಜನವೇ?” ಎಂದೆ.

“ಹೌದು ದೊಡ್ಡಪ್ಪ. ತಂಡ ಬಿಟ್ಟರೂ ಹಾಡು ಅವನನ್ನು ಬಿಟ್ಟಿಲ್ಲವಲ್ಲ” ಎಂದ.

ಮಾತು ಚೆನ್ನಾಗಿತ್ತು. ಆದರೆ ಆಗ ನನಗೆ ಅದು ಹುಡುಗಾಟದ ಚಮತ್ಕಾರವೆಂದೇ ತೋರಿತು.

ಆ ಹೊತ್ತಿಗಾಗಲೇ ಅವನು ಮೂವರು ಗೆಳೆಯರೊಡನೆ ಸೇರಿ ಒಂದು ಬ್ಯಾಂಡ್ ಕಟ್ಟಿದ್ದ. ಮಹಡಿಯ ಮೇಲಿನ ಕೋಣೆಯೇ ಅವರ ಅಭ್ಯಾಸಶಾಲೆ. ಭಾನುವಾರ ಮಧ್ಯಾಹ್ನ ಡ್ರಮ್ಸ್ ಶುರುವಾದರೆ ಅಡುಗೆಮನೆಯ ಪಾತ್ರೆಗಳು ತಾವೂ ತಾಳ ಹಾಕುತ್ತಿದ್ದವು. ಪಕ್ಕದ ಮನೆಯವರು ಒಂದೆರಡು ಸಲ ದೂರು ಹೇಳಿದರೂ, ಮೇಷ್ಟರ ಮನೆಯೆಂಬ ಗೌರವಕ್ಕೆ ಸುಮ್ಮನಾದರು. ಹುಡುಗರು ಇಂಗ್ಲಿಷ್ ಹಾಡುಗಳನ್ನು ಹಾಡುತ್ತಿದ್ದರು. ಕಾಲೇಜುಗಳ ಸ್ಪರ್ಧೆಗಳಿಗೆ ಹೋಗುತ್ತಿದ್ದರು. ನನಗೆ ಅರ್ಥವಾಗದಿದ್ದರೂ, ನಾಲ್ವರು ಹುಡುಗರು ಪ್ರತಿವಾರ ತಪ್ಪದೆ ಸೇರಿ ಒಂದು ಕೆಲಸವನ್ನು ಶ್ರದ್ಧೆಯಿಂದ ಮಾಡುವುದನ್ನು ನೋಡುವುದು ಅಧ್ಯಾಪಕನಾದವನಿಗೆ ಸಂತೋಷವೇ.

2004ರಲ್ಲಿ ಒಂದು ಭಾನುವಾರ ಬೆಳಿಗ್ಗೆ ಉಳಿದ ಮೂವರೂ ಹೊತ್ತಿಗೆ ಮುಂಚೆಯೇ ಬಂದರು. ಮುಖಗಳು ಬಿಗಿದಿದ್ದವು. ಅವರು ಮೇಲಿನ ಕೋಣೆಗೆ ಹೋಗದೆ ನೇರವಾಗಿ ನನ್ನ ಬಳಿಗೆ ಬಂದರು. “ಸಾರ್, ನೀವೇ ನ್ಯಾಯ ಹೇಳಬೇಕು” ಎಂದರು. ವಿಷಯ ಇಷ್ಟೇ: ನನ್ನ ತಮ್ಮನ ಮಗ ವಾರದಲ್ಲಿ ಎರಡು ಸಂಜೆ ಬಸವನಗುಡಿಯ ಕಡೆ ಹೋಗಿ, ಒಬ್ಬ ಪಿಟೀಲು ಬಾರಿಸುವವನು ಮತ್ತು ಒಬ್ಬ ಮೃದಂಗದವನ ಜೊತೆ ಸೇರಿ ಶರೀಫರ ತತ್ತ್ವಪದಗಳನ್ನೂ ದಾಸರ ಪದಗಳನ್ನೂ ಗಿಟಾರಿಗೆ ಹೊಂದಿಸಿ ಹಾಡುತ್ತಿದ್ದಾನೆ. ನಮಗೆ ಒಂದು ಮಾತೂ ಹೇಳಿಲ್ಲ. ಮುಂದಿನ ತಿಂಗಳು ನಮಗೆ ಸ್ಪರ್ಧೆಯಿದೆ. ಇದು ದ್ರೋಹವಲ್ಲವೇ?

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ತೀರ್ಪು ಕೊಟ್ಟು ಅಭ್ಯಾಸವಾದವನಿಗೆ ಇದೇನು ದೊಡ್ಡದು? ಅವನನ್ನು ಕರೆಸಿದೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಏನಾಗುತ್ತದೆಂದು ಹೇಳಿದೆ. ನಿಷ್ಠೆ ಎಂಬುದನ್ನು ಪಾಲು ಮಾಡಿ ಹಂಚಲಾಗುವುದಿಲ್ಲವೆಂದೆ. ಇದ್ದರೆ ಈ ತಂಡದಲ್ಲಿರು, ಇಲ್ಲವಾದರೆ ಬಿಟ್ಟುಹೋಗು, ಎರಡೂ ಕೂಡದು ಎಂದು ಅಪ್ಪಣೆ ಮಾಡಿದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕೈಯೆತ್ತಿ ತಡೆದೆ. ಒಂದು ಕ್ಷಣ ನೆಲ ನೋಡಿ, “ಆಗಲಿ ದೊಡ್ಡಪ್ಪ” ಎಂದ.

ಬಸವನಗುಡಿಗೆ ಹೋಗುವುದನ್ನು ಅಂದೇ ನಿಲ್ಲಿಸಿದ. ಸ್ಪರ್ಧೆ ನಡೆಯಿತು, ಬಹುಮಾನವೇನೂ ಬರಲಿಲ್ಲ. ವರ್ಷ ತುಂಬುವುದರೊಳಗೆ ಮೂಲ ತಂಡವೂ ಒಡೆಯಿತು. ಒಬ್ಬನಿಗೆ ಪುಣೆಯಲ್ಲಿ ಕೆಲಸ, ಇನ್ನೊಬ್ಬ ಹೊರದೇಶಕ್ಕೆ ಹೋದ, ಮೂರನೆಯವನಿಗೆ ಆಸಕ್ತಿಯೇ ಹೋಯಿತು. ನನ್ನ ತಮ್ಮನ ಮಗನಿಗೂ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸವಾಯಿತು. ಗಿಟಾರನ್ನು ಚೀಲದಲ್ಲಿ ಹಾಕಿ ಮೇಲಿನ ಕೋಣೆಯಲ್ಲಿಟ್ಟು ಹೋದ.

ಈಗ ವಿಚಾರಕ್ಕೆ ಬರೋಣ. ಆ ದಿನ ನಾನು ಹೇಳಿದ ಮಾತು ತಪ್ಪು. ಹೇಗೆ ತಪ್ಪು ಎಂಬುದನ್ನು ನನಗೆ ಮೊದಲು ತಿಳಿಸಿಕೊಡಬೇಕಾಗಿದ್ದುದು ರಾಕ್ ಸಂಗೀತವಲ್ಲ, ನಾನು ಚೆನ್ನಾಗಿ ಬಲ್ಲೆನೆಂದು ತಿಳಿದಿದ್ದ ನಮ್ಮ ನಾಡಿನ ರಂಗಭೂಮಿಯ ಚರಿತ್ರೆ.

1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನೆನೆಯಿರಿ. ಆ ಒಂದು ಕಂಪನಿಯ ನೆರಳಿನಿಂದ ಎಷ್ಟು ಜನ ಹೊರಬಂದರು! ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಎಲ್ಲರೂ ಅಲ್ಲಿ ಬಣ್ಣ ಹಚ್ಚಿದವರೇ. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಅದೇ ಕಂಪನಿ ಸೇರಿದ ಬಿ. ವಿ. ಕಾರಂತರು ಮುಂದೆ ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ರೂಪ ಕೊಟ್ಟರು. ಇವರೆಲ್ಲ ವೀರಣ್ಣನವರಿಗೆ ದ್ರೋಹ ಬಗೆದವರೆಂದು ಯಾರಾದರೂ ಹೇಳಿಯಾರೇ? ಕನ್ನಡ ಚಿತ್ರರಂಗ ಸಂಕಟದಲ್ಲಿದ್ದ ಕಾಲದಲ್ಲಿ ಈ ನಾಲ್ವರು ನಟರು ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿ, ಊರೂರು ತಿರುಗಿ ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತಾವೇ ತಯಾರಿಸಿದರು. ಇಂದಿನ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸೈಡ್ ಪ್ರಾಜೆಕ್ಟು. ಬೇರೆ ಬೇರೆ ನಿರ್ಮಾಪಕರ ಚಿತ್ರಗಳಲ್ಲಿ ದುಡಿಯುತ್ತಿದ್ದವರು ಒಟ್ಟಾಗಿ ಕೈಗೆತ್ತಿಕೊಂಡ ಮಗ್ಗುಲ ಕೆಲಸ. ಆ ಮಗ್ಗುಲ ಕೆಲಸ ಕನ್ನಡ ಚಿತ್ರರಂಗಕ್ಕೆ ಎಷ್ಟು ದೊಡ್ಡ ಆಸರೆಯಾಯಿತೆಂಬುದು ನನ್ನ ವಯಸ್ಸಿನವರಿಗೆ ಗೊತ್ತು.

ಸಂಗೀತದಲ್ಲಿಯೂ ಇದಕ್ಕೆ ಉದಾಹರಣೆ ಇದೆ. ಎಲ್. ವೈದ್ಯನಾಥನ್, ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಎಂಬ ಮೂವರು ಸೋದರರು ಪಿಟೀಲು ತ್ರಯವಾಗಿ ಕಛೇರಿ ಮಾಡುತ್ತಿದ್ದರು. ಒಂದೇ ಮನೆ, ಒಂದೇ ಗುರು, ತಂದೆಯೇ ಗುರು. ಇದಕ್ಕಿಂತ ಗಟ್ಟಿಯಾದ ತಂಡ ಬೇಕೇ? ಆದರೂ ಮೂವರ ದಾರಿ ಮೂರಾಯಿತು. ಶಂಕರ್ ಅವರು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರೊಡನೆ ಸೇರಿ 1970ರ ದಶಕದ ನಡುವಿನಲ್ಲಿ ‘ಶಕ್ತಿ’ ತಂಡವನ್ನು ಬೆಳೆಸಿದರು. ಮೆಕ್‌ಲಾಫ್ಲಿನ್‌ಗೂ ಅದು ಕವಲು ದಾರಿಯೇ. ಅದಕ್ಕೆ ಮೊದಲು ಆತ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಅಬ್ಬರದ ರಾಕ್-ಜಾಝ್ ತಂಡ ನಡೆಸುತ್ತಿದ್ದವನು. ವಿದ್ಯುತ್ ಗಿಟಾರಿನ ಆರ್ಭಟವನ್ನು ಬದಿಗಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸಿದನು. ಸುಬ್ರಮಣ್ಯಂ ಅವರು ಪಾಶ್ಚಾತ್ಯ ವಾದ್ಯವೃಂದಗಳೊಡನೆ ನುಡಿಸಿ, ಬೆಂಗಳೂರಿನಲ್ಲಿ ಸಂಗೀತ ಶಾಲೆ ತೆರೆದರು. ಹಿರಿಯರಾದ ವೈದ್ಯನಾಥನ್ ನಮ್ಮ ಸಿ. ಅಶ್ವಥ್ ಅವರೊಡನೆ ಕೂಡಿ ‘ಅಶ್ವಥ್-ವೈದಿ’ ಎಂಬ ಜೋಡಿಯಾಗಿ ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟರು. ಶಂಕರನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ಕೊಟ್ಟವರೂ ಅವರೇ. ಆ ಮೊದಲ ರಾಗ ಕೇಳಿದರೆ ಇಂದಿಗೂ ನಮ್ಮ ಬೀದಿಯಲ್ಲಿ ಒಂದು ತಲೆಮಾರು ತಿರುಗಿ ನೋಡುತ್ತದೆ. ಮೂವರೂ ಒಂದೇ ವೇದಿಕೆಯ ಮೇಲೆ ಕಟ್ಟುಬಿದ್ದು ಕುಳಿತಿದ್ದರೆ ನಮಗೆ ಒಂದು ಒಳ್ಳೆಯ ಪಿಟೀಲು ತ್ರಯ ಉಳಿಯುತ್ತಿತ್ತು. ‘ಶಕ್ತಿ’ಯೂ ಮಾಲ್ಗುಡಿಯ ರಾಗವೂ ಈಗಿರುವಂತೆ ನಮಗೆ ದಕ್ಕುತ್ತಿದ್ದವೇ?

ಇಷ್ಟೆಲ್ಲ ಕಣ್ಣ ಮುಂದಿದ್ದೂ ನಾನು ಆ ತೀರ್ಪು ಕೊಟ್ಟೆನಲ್ಲ! ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಲಿಲ್ಲ ಹಿರಿಯರು.

ಇನ್ನು ನಮ್ಮೂರಿನ ಬ್ಯಾಂಡುಗಳ ವಿಷಯ. ಗಿಟಾರಿನ ಚೀಲ ಸಿಕ್ಕಿದ ಮೇಲೆ ಮನಸ್ಸಿಗೆ ಸಮಾಧಾನವಾಗದೆ, ಮೊಮ್ಮಗಳ ಸಹಾಯದಿಂದ ಒಂದೊಂದನ್ನೇ ಹುಡುಕಿ ಕೇಳಿದೆ, ಓದಿದೆ. ಎಂಬತ್ತರ ಹತ್ತಿರದಲ್ಲಿರುವವನಿಗೆ ಇದೊಂದು ಹೊಸ ಪಾಠವೇ ಆಯಿತು.

ಮೊದಲನೆಯದು, 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’. ಮೂವರು ಮಲಯಾಳಿಗಳು ಮತ್ತು ಒಬ್ಬ ಕಾಲುಪಾಲು ಮಲಯಾಳಿ ಎಂಬ ತಮಾಷೆಯಿಂದ ಹುಟ್ಟಿದ ಹೆಸರಂತೆ ಅದು. ಅನ್ಯರ ಹಾಡುಗಳನ್ನು ಒಪ್ಪಿಸದೆ ತಮ್ಮದೇ ಇಂಗ್ಲಿಷ್ ಹಾಡುಗಳನ್ನು ಬರೆದು, ಬೆಂಗಳೂರಿನ ಬದುಕನ್ನೇ ಹಾಡಿದವರು. ಈ ತಂಡದವರು ಮುಂದೆ ‘ಟಾಕಾಡೆಮಿ’ ಎಂಬ ಸಂಗೀತ ಶಾಲೆಯನ್ನು ತೆರೆದರು. ಗಿಟಾರು, ಡ್ರಮ್ಸ್ ಮೊದಲಾದವನ್ನು ಕ್ರಮಬದ್ಧವಾಗಿ ಕಲಿಸುವ ಶಾಲೆ. ಕವಲೆಂದರೆ ಇನ್ನೊಂದು ಬ್ಯಾಂಡೇ ಆಗಬೇಕೆಂದಿಲ್ಲ, ಶಾಲೆಯೂ ಆಗಬಹುದೆಂದು ಇದರಿಂದ ತಿಳಿಯಿತು. ನಿವೃತ್ತ ಮೇಷ್ಟರಿಗೆ ಇದು ಪ್ರಿಯವಾದದ್ದರಲ್ಲಿ ಆಶ್ಚರ್ಯವೇನು? ನಮ್ಮ ದೇಶದಲ್ಲಿ ಸ್ವಂತ ಹಾಡು ಹಾಡುವ ಬ್ಯಾಂಡೊಂದರಿಂದಲೇ ನಾಲ್ಕು ಸಂಸಾರ ನಡೆಯುವುದು ಕಷ್ಟ. ಮಗ್ಗುಲ ಕೆಲಸವಿದ್ದರೆ ಅದೇ ಎಷ್ಟೋ ಸಲ ಮೂಲ ತಂಡದ ಒಲೆ ಆರದಂತೆ ನೋಡಿಕೊಳ್ಳುತ್ತದೆ.

ಎರಡನೆಯದು, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತವರು. ಅವರು ಮೊದಲು ಕಟ್ಟಿದ ತಂಡ ‘ಅಂತರಾಗ್ನಿ’. ಅದು ಚದುರಿದ ಮೇಲೆ, ಬೇರೆ ಬೇರೆ ವಾದ್ಯಗಾರರು ಬಂದು ಸೇರಬಹುದಾದ, ಬಾಗಿಲು ತೆರೆದಿಟ್ಟ ಮನೆಯಂಥ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಕಟ್ಟಿದರು. 2008ರಲ್ಲಿ ಹೊರಬಂದ ಮೊದಲ ಆಲ್ಬಮ್ಮಿಗೆ ಅವರು ಇಟ್ಟ ಹೆಸರು ಯಾವುದು ಗೊತ್ತೇ? ‘ಅಂತರಾಗ್ನಿ’. ಇಲ್ಲವಾದ ತಂಡದ ಹೆಸರನ್ನು ಹೊಸ ತಂಡದ ಹಣೆಯ ಮೇಲೆ ಬರೆದಂತೆ. ಇದನ್ನು ಓದಿದಾಗ ನನ್ನ ಮನಸ್ಸು ತುಂಬಿಬಂತು. ಬಿಟ್ಟುಬಂದದ್ದನ್ನು ಮರೆಯದಿರುವುದೂ ಒಂದು ನಿಷ್ಠೆಯಲ್ಲವೇ? ಅದೇ ಆಲ್ಬಮ್ಮಿನಲ್ಲಿ ಶರೀಫಜ್ಜನ ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಇವೆ. ಅಶ್ವಥ್ ಅವರ ಕಂಠದಲ್ಲಿ ಶರೀಫರನ್ನು ಕೇಳಿ ಬೆಳೆದ ನನ್ನ ಕಿವಿಗೆ ಮೊದಲು ಮುಜುಗರವೇ ಆಯಿತು. ಎರಡನೆಯ ಸಲ ಕೇಳಿದಾಗ, 1889ರಲ್ಲಿ ತೀರಿಕೊಂಡ ಸಂತನೊಬ್ಬ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಗೆ ಹೋದ ಗಾಯಕನ ಜೋಳಿಗೆಯಲ್ಲಿದ್ದ ಎಂಬುದು ನೆನಪಾಗಿ ಕೈಮುಗಿಯುವಂತಾಯಿತು.

ಮೂರನೆಯದು ‘ಸ್ವರಾತ್ಮ’. ಇದರ ಗಾಯಕ ವಾಸು ದೀಕ್ಷಿತ್, ರಘು ಅವರ ತಮ್ಮ. ಸೊಂಟಕ್ಕೆ ಬಣ್ಣದ ಕೀಲುಕುದುರೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿಯುವವರು. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’ ಹೊರಬಂದವು. ಹಿಂದಿಯೂ ಕನ್ನಡವೂ ಬೆರೆತ ಹಾಡುಗಳು. ಈ ತಂಡದಲ್ಲಿರುತ್ತಲೇ ವಾಸು ಅವರು ‘ವಾಸು ದೀಕ್ಷಿತ್ ಕಲೆಕ್ಟಿವ್’ ಎಂಬ ಇನ್ನೊಂದು ಕೂಟವನ್ನು ಕಟ್ಟಿ, ಕನ್ನಡದ ಜಾನಪದ, ದಾಸರ ಪದಗಳ ಕಡೆ ಹೊರಳಿದರು. ಡ್ರಮ್ಸ್ ನುಡಿಸುತ್ತಿದ್ದ ಮಾಂಟ್ರಿ ಮ್ಯಾನ್ಯುಯೆಲ್ ‘ತಾಳವಟ್ಟಂ’ ಎಂಬ ತಾಳವಾದ್ಯದ ಪ್ರಯೋಗ ಶುರುಮಾಡಿ, ನಾವು ಬೇಡವೆಂದು ಎಸೆದ ವಸ್ತುಗಳಿಂದಲೇ ವಾದ್ಯ ಮಾಡಿ ಬಾರಿಸಿದರು. ಈ ಎರಡೂ ಸ್ವರಾತ್ಮದೊಳಗೆ ಹಿಡಿಸುವಂಥವಲ್ಲ. ಆರು ಜನರ ಹಾಡಿನಲ್ಲಿ ಒಬ್ಬ ಡ್ರಮ್ಮಿನವನು ಇಡೀ ಸಂಜೆ ಕಸದ ಸಂಗೀತ ನುಡಿಸುವೆನೆಂದರೆ ಉಳಿದ ಐವರು ಏನು ಮಾಡಬೇಕು? ಎಲ್ಲರ ಒಪ್ಪಿಗೆಯಿಂದ ನಡೆಯುವುದೇ ತಂಡ. ಎಲ್ಲರ ಒಪ್ಪಿಗೆ ಸಿಕ್ಕದ ಆಸೆಗಳಿಗೂ ಒಂದು ಮನೆ ಬೇಕು. ಕವಲು ತಂಡ ಅಂಥ ಮನೆ.

ಹೊರಜಗತ್ತಿನಲ್ಲೂ ಇದೇ ಕಥೆ. ಬೀಟಲ್ಸ್ ತಂಡದಲ್ಲಿ ಹಾಡು ಬರೆಯುವ ಕೆಲಸ ಬಹುಮಟ್ಟಿಗೆ ಲೆನನ್ ಮತ್ತು ಮೆಕಾರ್ಟ್ನಿ ಇವರದು. ಜಾರ್ಜ್ ಹ್ಯಾರಿಸನ್‌ಗೆ ಒಂದು ಆಲ್ಬಮ್ಮಿನಲ್ಲಿ ಒಂದೋ ಎರಡೋ ಹಾಡಿನ ಜಾಗ. 1970ರಲ್ಲಿ ತಂಡ ಮುರಿದ ಮೇಲೆ ಆತ ಹೊರತಂದದ್ದು ಒಂದಲ್ಲ, ಎರಡಲ್ಲ, ಮೂರು ಎಲ್‌ಪಿ ತಟ್ಟೆಗಳ ಆಲ್ಬಂ. ಅಷ್ಟು ಹಾಡು ಒಳಗೆ ಕೂಡಿಹೋಗಿತ್ತು! ಹೊರಗೊಂದು ಕಿಂಡಿ ಮೊದಲೇ ಇದ್ದಿದ್ದರೆ ಮನೆಯೊಳಗಿನ ಒತ್ತಡ ಸ್ವಲ್ಪ ತಗ್ಗುತ್ತಿತ್ತೇನೋ. ಕಿಂಡಿ ತೆರೆದ ತಂಡದ ಉದಾಹರಣೆ ಬೇಕಾದರೆ ಇಂಗ್ಲೆಂಡಿನದೇ ಆದ ‘ಜೆನಿಸಿಸ್’ ನೋಡಿ. ಫಿಲ್ ಕಾಲಿನ್ಸ್ 1981ರಲ್ಲಿ ಸ್ವಂತ ಆಲ್ಬಂ ತಂದ. ಮೈಕ್ ರದರ್‌ಫೋರ್ಡ್ ‘ಮೈಕ್ ಅಂಡ್ ದ ಮೆಕ್ಯಾನಿಕ್ಸ್’ ಎಂಬ ಬೇರೆ ತಂಡ ಕಟ್ಟಿ 1985ರಲ್ಲಿ ಮೊದಲ ಆಲ್ಬಂ ತಂದ. ಇಬ್ಬರೂ ಮೂಲ ತಂಡವನ್ನು ಬಿಡಲಿಲ್ಲ. 1986ರಲ್ಲಿ ಮತ್ತೆ ಕೂಡಿ ‘ಇನ್‌ವಿಸಿಬಲ್ ಟಚ್’ ತಂದಾಗ ಅದು ಆ ತಂಡದ ಅತ್ಯಂತ ಹೆಚ್ಚು ಮಾರಾಟವಾದ ಆಲ್ಬಂ ಆಯಿತು. ಮಗ್ಗುಲ ತಂಡ ಮೂಲವನ್ನು ಕೊಂದೇ ಕೊಲ್ಲುತ್ತದೆಂಬ ವಾದಕ್ಕೆ ಇದಕ್ಕಿಂತ ಉತ್ತರ ಬೇಕೇ?

ಆದರೆ ಇನ್ನೊಂದು ಪಕ್ಷವೂ ಇದೆ, ಅದನ್ನು ಮುಚ್ಚಿಡಬಾರದು. ನನ್ನ ತಮ್ಮನ ಮಗ ಅರಮನೆ ಮೈದಾನದಲ್ಲಿ ಕಂಡ ಆ ರೋಜರ್ ವಾಟರ್ಸ್‌ನನ್ನೇ ತೆಗೆದುಕೊಳ್ಳಿ. ಹೊರಬಂದವನು ಸುಮ್ಮನಿರಲಿಲ್ಲ, ಉಳಿದವರು ಪಿಂಕ್ ಫ್ಲಾಯ್ಡ್ ಎಂಬ ಹೆಸರನ್ನು ಬಳಸಬಾರದೆಂದು ನ್ಯಾಯಾಲಯಕ್ಕೆ ಹೋದ. 1987ರ ಕೊನೆಗೆ ರಾಜಿಯಾಯಿತು. ನಾಲ್ವರೂ ಮತ್ತೆ ಒಂದೇ ವೇದಿಕೆಯ ಮೇಲೆ ನಿಂತದ್ದು 2005ರಲ್ಲಿ, ಲಂಡನ್ನಿನ ‘ಲೈವ್ 8’ ಕಾರ್ಯಕ್ರಮದಲ್ಲಿ, ಅದೂ ಒಂದೇ ಒಂದು ಸಲ. 2013ರಲ್ಲಿ ಬಿಬಿಸಿ ಸಂದರ್ಶನವೊಂದರಲ್ಲಿ ಆತ, ದಾವೆ ಹೂಡಿದ್ದು ತನ್ನ ತಪ್ಪು ಎಂದು ಒಪ್ಪಿಕೊಂಡ. ಒಪ್ಪಿಕೊಳ್ಳಲು ಹಿಡಿದ ಕಾಲ ಕಾಲು ಶತಮಾನಕ್ಕೂ ಮಿಕ್ಕದ್ದು! ಇಲ್ಲಿ ಕೆಡುಕು ಮಾಡಿದ್ದು ಬೇರೆ ಹಾಡು ಹಾಡಬೇಕೆಂಬ ಆಸೆಯಲ್ಲ. ಹೆಸರು ಯಾರದು ಎಂಬ ಜಗಳ. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಕ್ಕಿಂತ ಹೆಚ್ಚಾಗಿ ಬಾವಿಯ ನೀರಿಗೆ ಜಗಳವಾಡುವುದಿಲ್ಲವೇ, ಹಾಗೆ.

ಆ ದಿನ ದೂರು ತಂದ ಮೂವರು ಹುಡುಗರ ನೋವೂ ಸುಳ್ಳಲ್ಲ. ಸ್ಪರ್ಧೆ ಹತ್ತಿರವಿತ್ತು. ಒಬ್ಬನ ಗಮನ ಬೇರೆಡೆ ಹರಿದರೆ ನಾಲ್ವರ ಶ್ರಮ ವ್ಯರ್ಥವಾಗುತ್ತದೆ. ತಂಡದಲ್ಲಿ ಒಬ್ಬನಿಗೆ ಮಾತ್ರ ಹೊರಗೆ ಹೆಸರು ಬಂದರೆ ಉಳಿದವರು ಅವನ ಬೆನ್ನ ಹಿಂದಿನ ಪರದೆಯಾಗುತ್ತಾರೆ. ಇವೆಲ್ಲ ನಿಜವಾದ ಅಪಾಯಗಳೇ. ಆದುದರಿಂದ ಕವಲು ತಂಡಕ್ಕೆ ನನ್ನ ಪೂರ್ಣ ಸಮ್ಮತಿಯಿದ್ದರೂ ಮೂರು ಕಟ್ಟಳೆಗಳು ಬೇಕೆಂದು ನನ್ನ ಅಭಿಪ್ರಾಯ.

ಒಂದು, ಮುಚ್ಚುಮರೆ ಕೂಡದು. ಹೊರಗೆ ಹಾಡುವವನು ಒಳಗಿನವರಿಗೆ ಮೊದಲು ಹೇಳಬೇಕು. ಊರವರ ಬಾಯಿಂದ ತಿಳಿದರೆ ಸಣ್ಣ ವಿಷಯವೂ ದ್ರೋಹವಾಗಿ ಕಾಣುತ್ತದೆ. ಎರಡು, ಮೂಲ ತಂಡಕ್ಕೆ ಕೊಟ್ಟ ಹೊತ್ತು ಮೂಲ ತಂಡದ್ದೇ. ಭಾನುವಾರ ಕೊಟ್ಟಿದ್ದರೆ ಭಾನುವಾರಕ್ಕೆ ಕೈಹಾಕಬಾರದು. ಉಳಿದ ದಿನ ಅವನು ಎಲ್ಲಿ ಹಾಡಿದರೂ ಕೇಳುವ ಹಕ್ಕು ಯಾರಿಗೂ ಇಲ್ಲ. ಮೂರು, ಹೆಸರು, ಹಾಡು, ಹಣ ಯಾರದೆಂಬುದನ್ನು ಪ್ರೀತಿಯಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಪ್ರೀತಿಯಿರುವಾಗ ಬರೆದ ಕಾಗದ ಪ್ರೀತಿ ಹೋದಾಗ ಕಾಯುತ್ತದೆ.

ಈ ಮೂರರಲ್ಲಿ ನನ್ನ ತಮ್ಮನ ಮಗ ಮುರಿದದ್ದು ಒಂದನ್ನು ಮಾತ್ರ. ಗೆಳೆಯರಿಗೆ ಹೇಳಿರಲಿಲ್ಲ. ಭಾನುವಾರದ ಅಭ್ಯಾಸವನ್ನು ಅವನು ಒಂದು ದಿನವೂ ತಪ್ಪಿಸಿರಲಿಲ್ಲ, ಅದಕ್ಕೆ ನಾನೂ ಅಡುಗೆಮನೆಯ ಪಾತ್ರೆಗಳೂ ಸಾಕ್ಷಿ. “ಹೇಳದೆ ಇದ್ದದ್ದು ನಿನ್ನ ತಪ್ಪು, ಈಗ ಹೇಳಿಬಿಡು. ನೀವು ಸ್ಪರ್ಧೆ ಮುಗಿಯುವವರೆಗೆ ಇವನ ಹೊತ್ತನ್ನು ಕೇಳಿಕೊಳ್ಳಿ” ಎಂದು ಎರಡು ಮಾತು ಹೇಳಿದ್ದರೆ ಸಾಕಾಗಿತ್ತು. ನಾನು ನೆಗಡಿಯಾದವನಿಗೆ ಮೂಗನ್ನೇ ಕೊಯ್ಯುವ ಚಿಕಿತ್ಸೆ ಕೊಟ್ಟೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಹೇಳಲೇಬೇಕು. ನಾನು ಉಪಾಧ್ಯಾಯನಾಗಿದ್ದ ಮೊದಲ ವರ್ಷಗಳಲ್ಲಿ ಸಂಜೆಯ ಹೊತ್ತು ಹವ್ಯಾಸಿ ನಾಟಕ ತಂಡವೊಂದಕ್ಕೆ ಹೋಗಿ ಪಾತ್ರ ಮಾಡುತ್ತಿದ್ದೆ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅದು ಹಿಡಿಸಲಿಲ್ಲ. “ಮೇಷ್ಟರ ಕೆಲಸ ಬೇಕೋ, ಬಣ್ಣದ ಕೆಲಸ ಬೇಕೋ ತೀರ್ಮಾನ ಮಾಡಿ” ಎಂದು ಕರೆಸಿ ಹೇಳಿದರು. ಎಷ್ಟು ಕೋಪ ಬಂದಿತ್ತು ನನಗೆ! ನಾಟಕದಿಂದಲೇ ನನ್ನ ಪಾಠಕ್ಕೆ ಜೀವ ಬಂದಿದೆಯೆಂದು, ರನ್ನನ ಗದಾಯುದ್ಧವನ್ನು ಹುಡುಗರು ಬಾಯಿಪಾಠ ಮಾಡದೆ ಕಣ್ಣಾರೆ ಕಾಣುತ್ತಿರುವುದು ಆ ಬಣ್ಣದಿಂದಲೇ ಎಂದು ವಾದಿಸಿದೆ. ನಾಟಕವನ್ನು ಬಿಡಲಿಲ್ಲ. ಪಾಠವೂ ಕೆಡಲಿಲ್ಲ. ಅಂದರೆ ನನ್ನ ಕವಲು ನನಗೆ ಸರಿಯಾಗಿತ್ತು. ಮನೆಯ ಹುಡುಗನ ಕವಲು ಮಾತ್ರ ದ್ರೋಹವಾಗಿ ಕಂಡಿತು. ಕುರ್ಚಿಯ ಯಾವ ಕಡೆ ಕುಳಿತಿದ್ದೇವೆ ಎಂಬುದರಿಂದ ಮನುಷ್ಯನ ನ್ಯಾಯ ಹೇಗೆ ಬದಲಾಗುತ್ತದೆ ನೋಡಿ.

ಅವನು ರಘು ದೀಕ್ಷಿತರಂತೆ ಆಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ನೂರು ಜನ ಹಾಡಿದರೆ ಒಬ್ಬರ ಹೆಸರು ಉಳಿಯುತ್ತದೆ. ಉಳಿದ ತೊಂಬತ್ತೊಂಬತ್ತು ಜನರಿಗೆ ಹಾಡಿದ್ದಷ್ಟೇ ಲಾಭ. ಆದರೆ ಆ ಲಾಭ ಸಣ್ಣದೇ? ಬಸವನಗುಡಿಯ ಯಾವುದೋ ಕೋಣೆಯಲ್ಲಿ ಪಿಟೀಲು, ಮೃದಂಗ, ಗಿಟಾರು ಸೇರಿ ಶರೀಫಜ್ಜನ ಪದವನ್ನು ಹೇಗೆ ನುಡಿಸುತ್ತಿದ್ದವೋ ನಾನು ಒಂದು ಸಲವೂ ಕೇಳಲಿಲ್ಲ. ಕೇಳದೆಯೇ ನಿಲ್ಲಿಸಿಬಿಟ್ಟೆ. ಕನ್ನಡದ ಮೇಷ್ಟರಾಗಿ, ಕನ್ನಡ ಹಾಡುತ್ತಿದ್ದ ಆ ಒಂದು ತಂಡವನ್ನೇ ನಿಲ್ಲಿಸಿದೆನಲ್ಲ!

ಗಿಟಾರು ಸಿಕ್ಕಿದ ಮರುವಾರ ಅವನನ್ನು ಬರಹೇಳಿದೆ. ಈಗ ಕೆಂಗೇರಿಯಲ್ಲಿ ಸ್ವಂತ ಮನೆ, ತಲೆಯಲ್ಲಿ ಅರ್ಧ ಬಿಳಿಯಾಗಿದೆ. ಕಾಫಿ ಕುಡಿದಾದ ಮೇಲೆ ಚೀಲವನ್ನು ತಂದು ಎದುರಿಗಿಟ್ಟು, ಅಂದಿನ ಮಾತು ನಾನು ಆಡಬಾರದಿತ್ತು ಎಂದೆ. ಅವನು ಬಹಳ ಹೊತ್ತು ಗಿಟಾರನ್ನು ತಿರುಗಿಸಿ ನೋಡಿದ.

“ನೀವು ಹೇಳಿದ್ದಕ್ಕೇ ನಿಲ್ಲಿಸಿದೆ ಅಂತ ಪೂರ್ತಿ ಹೇಳೋದಕ್ಕಾಗಲ್ಲ ದೊಡ್ಡಪ್ಪ. ನನಗೇ ಧೈರ್ಯ ಇರಲಿಲ್ಲ. ನೀವು ಬೇಡ ಅಂದದ್ದು ಒಂದು ನೆಪ ಆಯ್ತು” ಎಂದ. ಸ್ವಲ್ಪ ತಡೆದು, “ಆದರೆ ನೀವು ಒಂದು ಸಲ ಕೇಳಬೇಕಿತ್ತು” ಎಂದ.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ಗಿಟಾರನ್ನು ಅವನು ರಿಪೇರಿಗೆ ಕೊಡುವುದಾಗಿ ಹೇಳಿ ತೆಗೆದುಕೊಂಡು ಹೋದ. ಉಬ್ಬಿದ ಮರ ಸರಿಯಾಗುವುದು ಕಷ್ಟವೆಂದು ಅಂಗಡಿಯವರು ಹೇಳಿದರಂತೆ. ನೋಡೋಣ.

ನಿಮ್ಮ ಮನೆಯ ಮಹಡಿಯ ಮೇಲೆ, ಪಕ್ಕದ ಮನೆಯ ಗ್ಯಾರೇಜಿನಲ್ಲಿ, ಹುಡುಗರೋ ಹುಡುಗಿಯರೋ ತಂಡ ಕಟ್ಟಿಕೊಂಡು ಗದ್ದಲ ಮಾಡುತ್ತಿರಬಹುದು. ಒಂದು ದಿನ ಅವರಲ್ಲೊಬ್ಬರು ಇನ್ನೊಂದು ತಂಡಕ್ಕೂ ಹೋಗತೊಡಗಬಹುದು. ದೂರು ನಿಮ್ಮ ಬಳಿಗೇ ಬರಬಹುದು, ಹಿರಿಯರೆಂದ ಮೇಲೆ ತಪ್ಪಿದ್ದಲ್ಲ. ತೀರ್ಪು ಕೊಡುವ ಮೊದಲು ಮೆಟ್ಟಿಲು ಹತ್ತಿ ಹೋಗಿ ಎರಡೂ ಕಡೆಯ ಹಾಡನ್ನು ಕೇಳಿ. ಕಿವಿ ಕಿವುಡಾದರೂ ಚಿಂತೆಯಿಲ್ಲ, ಮನಸ್ಸು ಕಿವುಡಾಗಬಾರದು. ಇಷ್ಟೇ ನನ್ನ ಬಿನ್ನಹ. ನೀವೇನನ್ನುತ್ತೀರಿ?